ಚಾಳಿನ ಬಾಯ್ಲರಿನ ಕೀಲಿಕೈ

ಗೆಳೆಯರೇ, ಇಂದಿನಿಂದ ನಮ್ಮ ಚಾಳಿನ ಬಿಸಿನೀರು ಹೇಳಿದ ಮಾತು ಕೇಳುತ್ತದೆ. ಕಟ್ಟಿಗೆಯ ಬಾಯ್ಲರ್ ಹೋಗಿ ಕರೆಂಟಿನದು ಬಂದಿದೆ. ಗುಂಡಿಯನ್ನು ಯಾವ ಗೆರೆಗೆ ತಿರುಗಿಸುತ್ತೇವೋ ನೀರು ಅಷ್ಟೇ ಕಾಯುತ್ತದೆ. ಹೀಗೆಂದವನು ಅದನ್ನು ಕೂಡಿಸಿದ ಶಿಗ್ಗಾಂವಿಯ ಫಿಟ್ಟರ್ ದಸ್ತಗೀರ. ನಾನೂ ಕೈಯಿಟ್ಟು ನೋಡಿದೆ, ನಿಜ.

ಹೋದ ವಾರ ಹಳೇ ಬಾಯ್ಲರಿನ ಕುದಿನೀರು ಬಿದ್ದು ಏಳನೇ ಮನೆಯ ಹುಡುಗಿಯ ಕಾಲು ಸುಟ್ಟಿದ್ದರಿಂದ, ಅವನು ಗುಂಡಿಯನ್ನು ಕೆಳಗಿನ ಗೆರೆಗೆ ಇಟ್ಟು ಕೀಲಿ ಹಾಕುವವನಿದ್ದ. ಅಷ್ಟರಲ್ಲಿ ಮಗಳ ಬಾಣಂತನಕ್ಕೆಂದು ದುಂಡಸಿಯಿಂದ ಬಂದಿರುವ ಗಂಗವ್ವ ಬಕೆಟ್ಟಿನಲ್ಲಿ ಮೊಳಕೈ ಅದ್ದಿದರು.

"ಕೂಸಿಗೆ ಹದ ಐತಿ. ಬಾಣಂತಿ ಬೆನ್ನಿಗೆ ಇದನ್ನ ಹಾಕಿದ್ರ ನಾಳೆ ನಡಾ ಹಿಡಕೊಂಡು ಕುಂದರ್ತಾಳ."

"ಅವ್ವಾರ, ಇಷ್ಟ ಇಡ್ರಿ ಅಂತ ಕಾರ್ಖಾನಿಯವ್ರು ಬರದಾರ್ರಿ."

"ಕಾರ್ಖಾನಿಯವ್ರು ಯಾರರ ಹಡದಾರೇನು?"

ಬಚ್ಚಲಿನ ಮುಂದೆ ಸಾಲಿನಲ್ಲಿ ನಿಂತಿದ್ದ ಹೆಂಗಸರೆಲ್ಲ ನಕ್ಕರು. ದಸ್ತಗೀರ ಗುಂಡಿಯನ್ನು ಎರಡು ಗೆರೆ ಮೇಲೇರಿಸಿ, "ಮತ್ತ ಹುಡುಗೂರು ಸುಟಗೊಂಡ್ರ?" ಎಂದ.

"ಅದಕ್ಕ ಕೀಲಿಕೈ ನನ್ನ ಕಡೆ ಕೊಡು. ಏರಸಾಕೀನೂ ನಾನ, ಇಳಸಾಕೀನೂ ನಾನ."

ಇಪ್ಪತ್ತು ಮನೆಗಳ ಯಜಮಾನರೂ ಒಪ್ಪಿದರು. ಕೀಲಿಕೈ ಈಗ ಗಂಗವ್ವನ ಸೊಂಟದಲ್ಲಿದೆ.

ನಾಳೆ ಬೆಳಿಗ್ಗೆ ಆರಕ್ಕೆ ಬಾಣಂತಿಯ ಸ್ನಾನ. ಗಂಗವ್ವ ಗುಂಡಿ ಇಳಿಸಿದ ಮೇಲೆ, ಏಳಕ್ಕೆ, ಉಳಿದವರು ಬಕೆಟ್ ತರಬೇಕು.