ಟ್ರಾಲಿ ಹತ್ತಿ ಶಾಂತಕ್ಕನ ಮನೆಗೆ

ಟಾರು ರಸ್ತೆಯ ನಡುವೆ, ಕಾರುಗಳ ಜೊತೆಯಲ್ಲಿ, ಒಂದೇ ಒಂದು ರೈಲುಡಬ್ಬಿ ಗಂಟೆ ಬಾರಿಸಿಕೊಂಡು ಬಂದು ನನ್ನೆದುರು ನಿಂತಿತು. ಮುಂದೆ ಇಂಜಿನ್ ಇಲ್ಲ, ಹಿಂದೆ ಇನ್ನೊಂದು ಡಬ್ಬಿ ಇಲ್ಲ. ನೆತ್ತಿಯ ಮೇಲೊಂದು ಕೋಲು, ಅದು ಮೇಲಿನ ತಂತಿಗೆ ತಗುಲಿಕೊಂಡಿದೆ. ಇದನ್ನು ಇಲ್ಲಿ ಟ್ರಾಲಿ ಎನ್ನುತ್ತಾರೆ. ಮೈಸೂರಿನಲ್ಲಿ ರೈಲು ಹೀಗೆ ಬೀದಿಗೆ ಬಂದಿದ್ದರೆ ಅಂಗಡಿಯವರೆಲ್ಲ ಹೊರಗೆ ಬಂದು ನಿಲ್ಲುತ್ತಿದ್ದರು. ಡಲ್ಲಾಸಿನ ಆ ಬೀದಿಯಲ್ಲಿ ನೋಡುವುದಕ್ಕೆ ನಾನೊಬ್ಬಳೇ ಇದ್ದೆ.

ನಾನು ನಾಲ್ಕನೇ ಕ್ಲಾಸು ಓದಿದವಳು. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಗಂಡ ತೀರಿಕೊಂಡ ಮೇಲೆ ಮಗಳು ಸುಧಾ ನನ್ನನ್ನು ಇಲ್ಲಿಗೆ ಕರೆಸಿಕೊಂಡಳು. ಅವಳು ಮಕ್ಕಳ ಡಾಕ್ಟರು. ಮೊದಲು ಡಲ್ಲಾಸಿನ ಪಕ್ಕದ ಊರು ರಿಚರ್ಡ್‌ಸನ್ನಿನಲ್ಲಿದ್ದೆವು. ಅಲ್ಲಿ ಸಂಜೆಯಾದರೆ ಸೀರೆಯ ಮೇಲೆ ಸ್ವೆಟರ್, ಕಾಲಿಗೆ ಬೂಟು ಹಾಕಿಕೊಂಡ ನಮ್ಮ ಕಡೆಯ ಹೆಂಗಸರು ವಾಕಿಂಗಿಗೆ ಬರುತ್ತಿದ್ದರು. ಧಾರವಾಡದ ಶಾಂತಕ್ಕ ಸಿಕ್ಕಿದ್ದು ಅಲ್ಲಿಯೇ. ಅವಳಿಗೂ ನನ್ನ ಹಾಗೆ ಇಂಗ್ಲಿಷ್ ಬಾರದು, ಕಾರು ಬಾರದು. ಇಬ್ಬರೂ ಕಂಡಕಂಡವರನ್ನೆಲ್ಲ ಬೈದುಕೊಂಡು ಸುಖವಾಗಿದ್ದೆವು.

ಆಮೇಲೆ ಸುಧಾ ಆಸ್ಪತ್ರೆ ಹತ್ತಿರವಾಗುತ್ತದೆಂದು ಡಲ್ಲಾಸಿನ ಒಳಗೇ ಶಿಫ್ಟ್ ಆದಳು. ಹೊಸ ಮನೆಯ ಕಿಟಕಿಗಳು ತೆರೆಯುವುದಿಲ್ಲ. ಅವಳು ಬೆಳಿಗ್ಗೆ ಹೋದರೆ ಸಂಜೆಯವರೆಗೆ ಮನೆಯಲ್ಲಿ ಸದ್ದು ಮಾಡುವುದು ಫ್ರಿಜ್ಜು ಒಂದೇ. ಮೈಸೂರಿನಲ್ಲಿ ಪಕ್ಕದ ಮನೆಯವಳು ದಿನಾ ಬಂದು ಇವತ್ತು ಏನು ಸಾರು ಎಂದು ಕೇಳುವುದು ನನಗೆ ತಲೆನೋವಾಗಿತ್ತು. ಇಲ್ಲಿ ನಾನು ಏನು ಸಾರು ಮಾಡಿದೆನೆಂದು ಯಾರಿಗೂ ಬೇಕಿಲ್ಲ. ಶಾಂತಕ್ಕನ ಮನೆಗೆ ಭಾನುವಾರ ತಾನೇ ಕರೆದುಕೊಂಡು ಹೋಗುತ್ತೇನೆಂದು ಸುಧಾ ಹೇಳುತ್ತಿದ್ದಳು. ಭಾನುವಾರ ಬಂದರೆ ಆಸ್ಪತ್ರೆಯಿಂದ ಕರೆ ಬರುತ್ತಿತ್ತು. ಶಾಂತಕ್ಕನನ್ನು ನೋಡಬೇಕಾದರೆ ನಾನೇ ಹೋಗಬೇಕು ಎಂದು ತೀರ್ಮಾನ ಮಾಡಿದೆ. ರಿಚರ್ಡ್‌ಸನ್ನಿಗೆ ಹೋಗುವ ರೈಲಿನಲ್ಲಿ ಮಗಳ ಜೊತೆ ಓಡಾಡಿ ಗೊತ್ತಿತ್ತು. ಆ ರೈಲಿನ ಸ್ಟೇಷನ್ನಿನವರೆಗೆ ಈ ಟ್ರಾಲಿ ಹೋಗುತ್ತದೆ ಎಂಬುದನ್ನೂ ಅವಳ ಬಾಯಿಂದಲೇ ಕೇಳಿದ್ದೆ. ಒಂದು ಡಬ್ಬಿಯಲ್ಲಿ ಚಟ್ನಿಪುಡಿ ತುಂಬಿಕೊಂಡು ಹೊರಟೆ.

ಟ್ರಾಲಿ ಹತ್ತಿದೆ. ಒಳಗೆಲ್ಲ ಮರದ ಕೆಲಸ, ಹಿತ್ತಾಳೆಯ ಹಿಡಿಗಳು. ಮುಂದಿನ ಸೀಟಿನಲ್ಲಿ ಟೈ ಕಟ್ಟಿದ ಗಂಡಸೊಬ್ಬ ಪೇಪರು ಓದುತ್ತಿದ್ದ. ನಮ್ಮ ಸಿಟಿ ಬಸ್ಸಿನಲ್ಲಿ ಮುಂದಿನ ಸೀಟುಗಳು ಹೆಂಗಸರದು. ಗಂಡಸು ಕೂತಿದ್ದರೆ ಎಬ್ಬಿಸುವುದು ರೂಢಿ. "ಏಳಪ್ಪ, ಹಿಂದೆ ಹೋಗು," ಎಂದು ಕೈಮಾಡಿದೆ. ಅವನು ತಟ್ಟನೆ ಎದ್ದ. ನಾನು ಕೂತು ಹಿಂದೆ ತಿರುಗಿ ನೋಡಿದರೆ ಇಡೀ ಡಬ್ಬಿ ಖಾಲಿ. ಮೈಸೂರಿನವನಾಗಿದ್ದರೆ ಜಗಳಕ್ಕೆ ಬರುತ್ತಿದ್ದ, ಬೀದಿ ಮುಗಿಯುವವರೆಗೆ ಮಾತಾದರೂ ಇರುತ್ತಿತ್ತು. ಇವನು ನಕ್ಕು ದೂರ ಹೋಗಿ ಕೂತ. ಅಷ್ಟೇ.

ಟ್ರಾಲಿ ಇಳಿದು ರೈಲು ಹತ್ತಿ, ರಿಚರ್ಡ್‌ಸನ್ನಿನಲ್ಲಿ ಇಳಿದು, ಗೊತ್ತಿದ್ದ ದಾರಿಯಲ್ಲೇ ನಡೆದು ಬಾಗಿಲು ಬಡಿದೆ. ಫೋನ್ ಮಾಡಿ ಬರಬೇಕೆಂದು ನನಗೆ ಹೊಳೆದೇ ಇರಲಿಲ್ಲ. ಗೆಳತಿಯ ಮನೆಗೆ ಕೇಳಿಕೊಂಡು ಹೋದವಳಲ್ಲ ನಾನು. ಶಾಂತಕ್ಕ ಬಾಗಿಲು ತೆರೆದವಳು ನನ್ನ ಹಿಂದೆ ಯಾರಿದ್ದಾರೆಂದು ಬಗ್ಗಿ ನೋಡಿದಳು.

"ಕಮಲಕ್ಕಾ, ಒಬ್ಬಾಕಿನ ಬಂದೀಯೇನ?"

"ಮತ್ತೆ ಮೆರವಣಿಗೇಲಿ ಬರ್ಬೇಕಿತ್ತಾ?"

ನಗುತ್ತಾ ಒಳಗೆ ಹೋದರೆ ನಡುಮನೆಯಲ್ಲಿ ಎರಡು ಸೂಟ್‌ಕೇಸು ಬಾಯಿ ತೆರೆದುಕೊಂಡು ಬಿದ್ದಿದ್ದವು. ಸೀರೆಗಳೆಲ್ಲ ಸೋಫಾದ ಮೇಲೆ. ಧಾರವಾಡಕ್ಕೆ ಹೊರಟಿದ್ದೀಯಾ ಎಂದು ಕೇಳಿದೆ.

"ಹೂಸ್ಟನ್ನಿಗೆ. ಸಣ್ಣ ಮಗನ ಹೇಂತಿಗೆ ದಿನಾ ತುಂಬ್ಯಾವ. ಇನ್ನ ಮ್ಯಾಲ ಅಲ್ಲೇ ಇರು ಅಂತಾರ."

"ನಂಗೆ ಒಂದು ಮಾತು ಹೇಳ್ಲಿಲ್ಲ ನೀನು."

"ಫೋನಿನ್ಯಾಗ ಹ್ಯಾಂಗ ಹೇಳ್ಲಿ? ಹೇಳಿದ್ರ ಅಳು ಬರ್ತದ, ಅತ್ತರ ಹಿರೇ ಸೊಸಿ ಕೇಳ್ತಾಳ."

"ಅವಳು ಆಫೀಸಲ್ಲವ್ಳೆ. ಈಗ ಅಳು."

"ಈಗ ಬರವಲ್ಲದು. ಚಾ ಮಾಡ್ತೀನಿ ತಡಿ."

ಚಹಾ ಕುಡಿದೆವು. ಹೂಸ್ಟನ್ನಿಗೆ ಈ ರೈಲು ಹೋಗುತ್ತದೆಯೇ ಎಂದು ಕೇಳಿದೆ. ಇಲ್ಲವಂತೆ, ಕಾರಿನಲ್ಲೇ ಅರ್ಧ ದಿನ ಬೇಕಂತೆ. ಅಲ್ಲಿ ಹಿಲ್‌ಕ್ರಾಫ್ಟ್ ಎಂಬ ಬೀದಿಯ ತುಂಬ ಇಂಡಿಯಾದವರ ಅಂಗಡಿಗಳಿವೆ, ಜೋಳದ ಹಿಟ್ಟೂ ಸಿಗುತ್ತದೆ ಎಂದು ಅವಳೇ ನನಗೆ ಸಮಾಧಾನ ಹೇಳುವವಳ ಹಾಗೆ ಹೇಳಿದಳು. ಸೀರೆ ಮಡಿಸಿ ಕೊಟ್ಟೆ. ಚಟ್ನಿಪುಡಿ ಡಬ್ಬಿಯನ್ನು ಸೂಟ್‌ಕೇಸಿನ ಮೂಲೆಗೆ ತುರುಕಿದಳು. ಸ್ಟೇಷನ್ನಿನವರೆಗೆ ಬಂದಳು. ಬಾಗಿಲು ಮುಚ್ಚಿ ರೈಲು ಹೊರಟ ಮೇಲೆ ಸೆರಗು ಮುಖಕ್ಕೆ ಒತ್ತಿಕೊಂಡದ್ದು ಕಂಡಿತು. ನಾನು ಆ ಕಡೆ ನೋಡುವುದು ಬಿಟ್ಟೆ.

ನಾನು ಒಬ್ಬಳೇ ಹೋಗಿ ಬಂದದ್ದಕ್ಕೆ ಸುಧಾ ಸಂಜೆ ಕೂಗಾಡಿದಳು. ಕಳೆದುಹೋಗಿದ್ದರೆ ಯಾರನ್ನು ಕೇಳುತ್ತಿದ್ದೆ ಎಂದಳು. ಕಳೆದುಹೋಗಲಿಲ್ಲವಲ್ಲ ಎಂದೆ. ಊಟಕ್ಕೆ ಕೂತಾಗ ಶಾಂತಕ್ಕನ ವಿಷಯ ಹೇಳಿದೆ.

"ಬೇರೆ ಯಾರಾದ್ರೂ ಸಿಗ್ತಾರೆ ಬಿಡಮ್ಮ."

"ಸಿಗೋಕೆ ಅದೇನು ಈರುಳ್ಳಿನೇನೆ?"

ಅನ್ನ ಕಲಸುತ್ತಾ, ಮೈಸೂರಿಗೆ ವಾಪಸ್ಸು ಹೋಗುತ್ತೀಯಾ ಎಂದು ಕೇಳಿದಳು. ಅಲ್ಲಿ ಬಾಡಿಗೆ ಮನೆ ಬಿಟ್ಟಾಗಿದೆ. ಹುಡುಕಿದರೆ ಇನ್ನೊಂದು ಸಿಕ್ಕೀತು. ಸಾರು ಏನೆಂದು ಕೇಳುವವರೂ ಸಿಕ್ಕಾರು. ಆದರೆ ಹಸಿದುಕೊಂಡು ಮನೆಗೆ ಬರುವ ಇವಳು ಅಲ್ಲಿರುವುದಿಲ್ಲ. ಇನ್ನೊಂದು ಸೌಟು ಅನ್ನ ಬಡಿಸಿದೆ. ಅವಳು ಮತ್ತೆ ಕೇಳಲಿಲ್ಲ.

ಶಾಂತಕ್ಕ ಹೋದ ಮುಂದಿನ ವಾರ ಮತ್ತೆ ಟ್ರಾಲಿ ಹತ್ತಿದೆ. ರೈಲಿನ ಸ್ಟೇಷನ್ ಬಂತು, ಇಳಿಯಲಿಲ್ಲ. ಹಳಿ ಮುಗಿಯುವ ಕಡೆ ಡಬ್ಬಿ ನಿಂತಿತು. ಓಡಿಸುವ ಮುದುಕ ಎದ್ದು ಬಂದು ಎಲ್ಲಿಗೆ ಎಂಬಂತೆ ಕೈಯಲ್ಲಿ ಕೇಳಿದ. ಎಲ್ಲಿಗೂ ಇಲ್ಲ ಎಂದು ಕೈಯಾಡಿಸಿದೆ. ಅವನು ತಲೆಯಾಡಿಸಿ, ಖಾಲಿ ಸೀಟುಗಳ ಬೆನ್ನುಗಳನ್ನು ಒಂದೊಂದಾಗಿ ಆ ಕಡೆಯಿಂದ ಈ ಕಡೆಗೆ ತಳ್ಳುತ್ತಾ ಬಂದ. ಡಬ್ಬಿ ತಿರುಗುವುದಿಲ್ಲ, ವಾಪಸ್ಸು ಹೋಗುವಾಗ ಅದರ ಹಿಂಭಾಗವೇ ಮುಂಭಾಗವಾಗುತ್ತದೆ. ನನ್ನ ಸೀಟಿನ ಹತ್ತಿರ ಬಂದು ನಿಂತು ಕಾದ. ನಾನು ಎದ್ದೆ. ಅದನ್ನೂ ತಿರುಗಿಸಿದ. ಮತ್ತೆ ಅಲ್ಲೇ ಕೂತೆ.