ಪ್ಲಾಟಿನಮ್ ತಂತಿಯ ಒಂದು ತುಂಡು

ಮದುವೆಯಾದ ಹೊಸದರಲ್ಲಿ ನನ್ನ ಗಂಡ ಹೈದರಾಬಾದಿನ ಆಚೆ ಗಾಜಿನ ಎಳೆ ತಯಾರಿಸುವ ಕಾರ್ಖಾನೆಯ ಕುಲುಮೆ ವಿಭಾಗದಲ್ಲಿದ್ದರು. ನಾನು ಮಸ್ಕಿಯಲ್ಲಿ ಅತ್ತೆಯ ಜೊತೆ ಇದ್ದುಕೊಂಡು ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಊರಿಗೆ ಬಂದಾಗಲೆಲ್ಲ ಅವರ ಬಾಯಲ್ಲಿ ಕುಲುಮೆಯದೇ ಮಾತು. ಗಾಜು ಕರಗಿ ಹರಿಯುವ ಆ ಶಾಖದಲ್ಲಿ ಕಬ್ಬಿಣ ತಾಳುವುದಿಲ್ಲ. ತಾಳುವುದು ಪ್ಲಾಟಿನಮ್ಮಿಗೆ ರೋಡಿಯಮ್ ಬೆರೆಸಿದ ಲೋಹ. ಅದರ ತಟ್ಟೆಯ ತೂತುಗಳಿಂದ ಗಾಜು ಶಾವಿಗೆಯಂತೆ ಇಳಿಯುತ್ತದೆ. ಶಾಖ ಅಳೆಯುವುದಕ್ಕೂ ಅದೇ ಲೋಹದ ತಂತಿ, ಹೊಲಿಗೆ ದಾರದಷ್ಟು ತೆಳ್ಳಗೆ.

"ಬಂಗಾರ ಆದ್ರ ಅಲ್ಲಿ ನೀರಾಗ್ತದ. ಇದು ಅಳ್ಳಾಡಂಗಿಲ್ಲ ನೋಡು" ಅನ್ನುವಾಗ ಅವರ ಮುಖ ಅರಳುತ್ತಿತ್ತು.

ಒಂದು ಬೇಸಿಗೆಯಲ್ಲಿ ಶಾಖದ ಅಳತೆ ಇದ್ದಕ್ಕಿದ್ದಂತೆ ನಿಂತುಹೋಯಿತು. ತಂತಿಯನ್ನು ಹೊರಗೆಳೆದು ನೋಡಿದರೆ ತುದಿಯ ಗೇಣುದ್ದ ತುಂಡು ಇಲ್ಲ. ಅದನ್ನು ಕೂರಿಸಿದವರು ನನ್ನ ಗಂಡ, ಅವತ್ತಿನ ಪಾಳಿಯೂ ಇವರದೇ. ಕಾರ್ಖಾನೆಯವರು ಇವರ ಕೋಣೆ ಜಾಲಾಡಿದರು. ಏನೂ ಸಿಗದಾಗ ಪೊಲೀಸರೊಬ್ಬರನ್ನು ಕರೆದುಕೊಂಡು ಮಸ್ಕಿಗೆ ಬಂದರು.

ಅತ್ತೆ ರೊಟ್ಟಿ ಬಡಿಯುತ್ತಿದ್ದರು. ಬಂದವರು ಟ್ರಂಕು ತೆಗೆದರು, ಜೋಳದ ಡಬ್ಬಿಯೊಳಗೆ ಮೊಳಕೈತನಕ ಕೈ ಇಳಿಸಿದರು. ಒಬ್ಬ ಗೋಡೆಯ ಮೇಲಿನ ಬುದ್ಧನ ಫೋಟೊ ಇಳಿಸಿ ಅದರ ಹಿಂದೆಯೂ ನೋಡಿದ.

"ನಿನ್ನ ಗಂಡ ಏನರ ತಂದು ಕೊಟ್ಟಾನೇನಮ್ಮಾ?"

"ಪಗಾರ ತಂದು ಕೊಡ್ತಾರ್ರಿ. ಮತ್ತೇನಿಲ್ಲ."

ಅವರು ಅಲ್ಲಿಂದ ಬಜಾರಿಗೆ ಹೋಗಿ ಅಕ್ಕಸಾಲಿಗರ ಅಂಗಡಿಗಳಲ್ಲಿ, ಈ ಮನೆಯವರು ಬಿಳಿ ಲೋಹ ಮಾರಲು ತಂದಿದ್ದರೇ ಎಂದು ವಿಚಾರಿಸಿದರು. ಸಂಜೆಯೊಳಗೆ ಊರಿಗೆಲ್ಲ ಸುದ್ದಿ. ಮರುದಿನ ಸ್ಟಾಫ್ ರೂಮಿನಲ್ಲಿ ಒಬ್ಬರು, "ಪ್ಲಾಟಿನಮ್ ಅಂದ್ರ ಬಂಗಾರಕ್ಕಿಂತ ತುಟ್ಟಿ ಏನು ಟೀಚರ್?" ಎಂದು ಕೇಳಿದರು. ಉಳಿದವರು ಚಹಾದ ಲೋಟ ನೋಡುತ್ತ ಕೂತರು.

ವಿಚಾರಣೆ ಮುಗಿಯುವ ತನಕ ಕೆಲಸಕ್ಕೆ ಬರಬೇಡ ಎಂದು ಕಾರ್ಖಾನೆಯವರು ಇವರನ್ನು ಕಳಿಸಿಬಿಟ್ಟರು. ಮನೆಗೆ ಬಂದವರು ಗೋಡೆಗೆ ಒರಗಿ ಕೂತರು.

"ಮುರಿದು ಒಳಗ ಬಿದ್ದದ," ಅಂದರು.

"ಅಷ್ಟು ಗಟ್ಟಿ ಲೋಹ ಮುರೀತದೇನ್ರೀ?"

"ಅದು ಬೆಂಕಿಗೆ ಹೆದರಂಗಿಲ್ಲ. ಆದ್ರ ಸುತ್ತಲಿನ ಇಟ್ಟಂಗ್ಯಾಗಿನ ಸಿಲಿಕಾನ್ ಒಂದೀಟು ಹತ್ತಿದ್ರ ಸಾಕು, ಹಪ್ಪಳದಂಗ ಪಟ್ ಅಂತದ. ಕುಲುಮಿ ಆರಿಸಿ ನೋಡ್ರಿ ಅಂದೆ. ಒಂದು ತುಂಡು ತಂತಿಗೆ ಯಾರು ಆರಿಸ್ತಾರ? ಅದು ವರ್ಷಗಟ್ಲೆ ಉರೀತದ."

ಅಂದರೆ ನಾವು ಆ ಬೆಂಕಿ ಆರುವ ತನಕ ಕಾಯಬೇಕಿತ್ತು.

ಹಟ್ಟಿ ಚಿನ್ನದ ಗಣಿಯಲ್ಲಿ ದುಡಿದು ನಿವೃತ್ತರಾದ ನನ್ನ ಅಪ್ಪ ನೋಡಲು ಬಂದರು. ಅಳಿಯನ ಪಕ್ಕ ಕೂತು ಚಹಾ ಕುಡಿದರು. ಹೊರಡುವಾಗ ನನಗೆ ಹೇಳಿದರು: "ಪಾಳಿ ಮುಗಿಸಿ ಹೊರಗ ಬರೋವಾಗ ನಾವು ಝಡತಿ ಕೊಡ್ತಿದ್ವಿ. ಅಂಗಿ ಝಾಡಿಸಿ ತೋರ್ಸಿದ್ರ ಮುಗೀತು. ಮನಿ ಝಡತಿ ಮುಗ್ಯಂಗಿಲ್ಲವ್ವ."

ಅಪ್ಪ ಹೇಳಿದಂತೆಯೇ ಆಯಿತು. ಅತ್ತೆ ಸಂತೆಗೆ ಹೋಗುವುದನ್ನು ಬಿಟ್ಟರು, ಆಮೇಲೆ ಬುದ್ಧ ವಿಹಾರದ ಪ್ರಾರ್ಥನೆಗೂ ಹೋಗಲಿಲ್ಲ. "ಮಂದಿ ನನ್ನ ಚೀಲ ನೋಡ್ತಾರ," ಅನ್ನುತ್ತಿದ್ದರು. ಇವರು ಸಿಂಧನೂರಿನ ಅಕ್ಕಿ ಮಿಲ್ಲಿನಲ್ಲಿ ಬಾಯ್ಲರ್ ನೋಡಿಕೊಳ್ಳುವ ಕೆಲಸ ಹಿಡಿದರು. ಬೆಳಗಿನ ಬಸ್ಸಿಗೆ ಹೋಗಿ, ಮೈತುಂಬ ಹೊಟ್ಟಿನ ಧೂಳು ಹೊತ್ತು ಬರುತ್ತಿದ್ದರು. ಕುಲುಮೆಯ ಮಾತು ಎತ್ತುತ್ತಿರಲಿಲ್ಲ. ನಮಗೆ ಮಗಳು ಹುಟ್ಟಿದಳು. ಅವಳಿಗೆ ನಡೆಯಲು ಬರುವ ಮೊದಲೇ ಅತ್ತೆ ತೀರಿಕೊಂಡರು.

ಕಾರ್ಖಾನೆಯಿಂದ ಫೋನ್ ಬಂದದ್ದು ಅದಾದ ಎರಡು ವರ್ಷದ ಮೇಲೆ. ಕುಲುಮೆಯನ್ನು ಹೊಸದಾಗಿ ಕಟ್ಟಲು ಆರಿಸಿದ್ದರಂತೆ. ಇಟ್ಟಿಗೆ ಬಿಚ್ಚುವಾಗ ಸಂದಿಯಲ್ಲಿ ತಂತಿಯ ಚೂರುಗಳು ಸಿಕ್ಕವಂತೆ. ಬೇಕಿದ್ದರೆ ಮತ್ತೆ ಕೆಲಸಕ್ಕೆ ಬರಬಹುದಂತೆ. ಇವರು ಎಲ್ಲ ಕೇಳಿಸಿಕೊಂಡು "ಆಯ್ತ್ರೀ" ಅಂದು ಫೋನ್ ಇಟ್ಟರು.

"ಹೋಗ್ತೀರೇನು?" ಎಂದೆ.

"ಇಲ್ಲ. ಅವ್ವ ಇರಬೇಕಿತ್ತು," ಅಂದರು.

ಮನೆ ಜಾಲಾಡಲು ಬಂದವರು, ಸಿಕ್ಕಿತು ಎಂದು ಊರಿಗೆ ಹೇಳಲು ಬರಲಿಲ್ಲ. ನಾನಾದರೂ ಹೇಳಬೇಕು ಎಂದುಕೊಂಡೆ. ಮಗಳಿಗೆ ಕಿವಿಯೋಲೆ ತರಲು ಮೂವರೂ ಬಜಾರಿಗೆ, ಅವತ್ತು ಅವರು ವಿಚಾರಿಸಿದ್ದ ಅಕ್ಕಸಾಲಿಗರ ಅಂಗಡಿಯೊಂದಕ್ಕೇ ಹೋದೆವು. ಇವರು ಅಂಗಡಿಯೊಳಗೆ ಬರಲಿಲ್ಲ. "ನೀ ನೋಡ್ಹೋಗು, ನಾ ಇಲ್ಲೇ ನಿಂತಿರ್ತೀನಿ," ಅಂದು ರಸ್ತೆಯ ಆಚೆ ಬಿಸಿಲಿನಲ್ಲಿ ನಿಂತರು. ಓಲೆ ಆರಿಸಿ, ಧೈರ್ಯ ತಂದುಕೊಂಡು ಅಂಗಡಿಯವರಿಗೆ ಹೇಳಿದೆ: "ಆ ತಂತಿ ಸಿಕ್ಕದ್ರಿ. ಕುಲುಮ್ಯಾಗೇ ಇತ್ತಂತ."

ಅವರು ಕನ್ನಡಕ ಸರಿಮಾಡಿಕೊಂಡು ನನ್ನ ಮುಖ ನೋಡಿದರು. ಅವರ ಮುಖದಲ್ಲಿ ಕಪಟವಿರಲಿಲ್ಲ.

"ಯಾವ ತಂತಿರೀ ಟೀಚರ್?"

ಎಲ್ಲಿಂದ ಶುರುಮಾಡಲಿ? ಮೊದಲಿಂದ ಹೇಳಿದರೆ ಮರೆತ ಕಳ್ಳತನವನ್ನೇ ನೆನಪಿಸಿದಂತಾಗುತ್ತಿತ್ತು. ಏನಿಲ್ಲರೀ ಎಂದು ಓಲೆ ತಗೊಂಡು ಹೊರಗೆ ಬಂದೆ.

"ತಡ ಆತಲ್ಲ," ಅಂದರು ಇವರು.

"ಗದ್ದಲ ಇತ್ತು," ಎಂದೆ. ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಅವರು ಮುಂದೆ ನಡೆದರು.