ಸಿಂಗಾಪುರದ ಮುದುಕಿಯ ಮನೆ ಕೀಲಿಕೈ

ನಾನು ಮೊಳಕಾಲ್ಮೂರಿನ ಮಗ್ಗದ ಮನೆಯಲ್ಲಿ ಹುಟ್ಟಿ ಚಳ್ಳಕೆರೆಗೆ ಸೊಸೆಯಾಗಿ ಬಂದವಳು. ಅಕ್ಷರ ಕೂಡಿಸಿ ಓದುವಷ್ಟು ಕಲಿತೆ, ಅಷ್ಟೇ. ಅಂಥವಳು ವಿಮಾನ ಹತ್ತಿ ಸಿಂಗಾಪುರ ನೋಡಿ ಬಂದೆ ಎಂದರೆ ನನಗೇ ಇನ್ನೂ ಪೂರ್ತಿ ನಂಬಿಕೆ ಬಂದಿಲ್ಲ. ಮಗನದು ಬಣ್ಣದ ಅಂಗಡಿ. ಮಾರಾಟ ಚೆನ್ನಾಗಿ ಆಯಿತೆಂದು ಕಂಪನಿಯವರು ಮಗ, ಸೊಸೆ, ಮೊಮ್ಮಗಳು, ನಾನು, ಇಷ್ಟೂ ಜನಕ್ಕೆ ಟಿಕೆಟ್ಟು ಕೊಟ್ಟಿದ್ದರು.

ಮೊಮ್ಮಗಳಿಗೆ ಅಲ್ಲಿ ಬೇಕಿದ್ದದ್ದು ಒಂದೇ. ಬೀಗ ಹಾಕಿದ ಕೋಣೆಯೊಳಗೆ ಮನೆಮಂದಿ ಸೇರಿ, ಬಚ್ಚಿಟ್ಟದ್ದನ್ನು ಹುಡುಕಿ, ಒಂದು ಗಂಟೆಯೊಳಗೆ ಹೊರಗೆ ಬರುವ ಆಟವಂತೆ. ಗೆದ್ದವರು ಬಾಗಿಲ ಹೊರಗಿನ ಹಿತ್ತಾಳೆ ಗಂಟೆ ಬಾರಿಸಬಹುದು. ಶಾಲೆಯಲ್ಲಿ ಖೊಖೊಗೂ ಕಬಡ್ಡಿಗೂ ಉಳಿದವರನ್ನೆಲ್ಲ ಆರಿಸಿಕೊಂಡ ಮೇಲೆ ಕೊನೆಗೆ ಈ ಮಗುವನ್ನು ಕರೆಯುತ್ತಾರೆ. ಗಂಟೆ ಬಾರಿಸಿಯೇ ಬರ್ತೀನಿ ಎಂದು ಇಡೀ ತರಗತಿಗೆ ಹೇಳಿ ಬಂದಿದ್ದಳು.

"ಅತ್ತೇರು ಒಂದು ಗಂಟೆ ಒಳಗೆ ಇರ್ತಾರಾ?" ಎಂದಳು ಸೊಸೆ.

"ಅವ್ವ ಜಟಿಂಗ ರಾಮೇಶ್ವರದ ಬೆಟ್ಟ ಹತ್ತಿ ಇಳಿದೋಳು. ರೂಮಿನಾಗೆ ಕೂರಕ್ಕೆ ಏನಾಗ್ತೈತೆ?" ಎಂದ ಮಗ.

ಆ ಆಟದ ಕೋಣೆಯ ಬಾಗಿಲಲ್ಲಿ ಅಲ್ಲಿನ ಹುಡುಗಿಯೊಬ್ಬಳು ಇಂಗ್ಲಿಷಿನಲ್ಲಿ ಏನೋ ಹೇಳಿದಳು. ಮೊಮ್ಮಗಳು ನನಗೆ ತಿಳಿಸಿದಳು: "ಅಜ್ಜಿ, ಇದು ಒಬ್ಬ ಮುದುಕಿ ಮನೆ. ಆಕೆ ಎಲ್ಲಿಗೋ ಹೋಗಿದಾಳೆ. ಬರೋದ್ರೊಳಗೆ ನಾವು ಆಚೆ ಬರಬೇಕು."

ನನಗೆ ದಿಗಿಲಾಯಿತು. ಯಜಮಾನಿ ಇಲ್ಲದ ಮನೆಗೆ ನಾವು ನುಗ್ಗುವುದೇ? ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದೆ. ಹಿಂದೆ ಬೀಗ ಬಿತ್ತು. ಒಳಗೆ ಮಂಚ, ಪಿಂಗಾಣಿ ಬಟ್ಟಲು, ಅರ್ಧ ಹೆಣೆದ ಸ್ವೆಟರು. ಅರ್ಧಕ್ಕೆ ಬಿಟ್ಟು ಎದ್ದು ಹೋಗಿದ್ದಾಳೆ, ಎಷ್ಟು ಅವಸರವಿತ್ತೋ ಪಾಪ. ಇವರು ಮೂವರೂ ದಿಂಬು ಎತ್ತುವುದೇನು, ಪೆಟ್ಟಿಗೆ ಮಗುಚುವುದೇನು. ನಾನು ಹಿಂದಿನಿಂದ ಒಂದೊಂದನ್ನೇ ಸರಿಯಾಗಿ ಇಡುತ್ತಾ ಬಂದೆ.

"ಅವ್ವ, ನೀನು ಜೋಡಿಸ್ಬೇಡ. ಹುಡುಕಿದ್ದನ್ನೇ ಹುಡುಕಂಗಾಗ್ತೈತೆ," ಎಂದ ಮಗ.

"ಆಯಮ್ಮ ಬಂದು ನೋಡಿದ್ರೆ ಏನಂದ್ಕೋತಾಳಪ್ಪ?"

"ಆಯಮ್ಮ ಬರಲ್ಲ."

"ಬರ್ತಾಳೆ ಅಂತ ನಿನ್ನ ಮಗಳೇ ಹೇಳಿದ್ಲಲ್ಲ."

ಮಗ ಸೊಸೆಯ ಮುಖ ನೋಡಿದ. ಬರುತ್ತಾಳೋ ಬರುವುದಿಲ್ಲವೋ, ಯಾರೂ ನನಗೆ ಸರಿಯಾಗಿ ಹೇಳಲಿಲ್ಲ. ಕಿಟಕಿಯ ಬಳಿ ಒಂದು ಹೂಕುಂಡ ಓರೆಯಾಗಿತ್ತು. ನೆಟ್ಟಗೆ ಮಾಡಲು ಎತ್ತಿದರೆ ಕೆಳಗೆ ಕೀಲಿಕೈ. ನಮ್ಮ ಮನೆಯದೂ ತುಳಸಿ ಕುಂಡದ ಹಿಂದೆಯೇ ಇರುತ್ತದೆ. ಇವರ ಗಲಾಟೆಯಲ್ಲಿ ಕಳೆದುಹೋದೀತೆಂದು ಸೆರಗಿನ ತುದಿಗೆ ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಯಜಮಾನಿ ಬಂದರೆ ಅವಳ ಕೈಗೇ ಕೊಟ್ಟರಾಯಿತು.

ಆಮೇಲೆ ಇವರು ಗೋಡೆಯ ಪಟ ಸರಿಸಿದರು, ನಂಬರು ತಿರುಗಿಸಿ ಕಪಾಟು ತೆಗೆದರು. ಕೊನೆಗೆ ಕೀಲಿಕೈ, ಕೀಲಿಕೈ ಎಂದು ಮಂಚದ ಕೆಳಗೆಲ್ಲ ತೆವಳಿದರು. ಅವರು ಹುಡುಕುತ್ತಿದ್ದದ್ದು ಆಟದ ಕೀಲಿಕೈ. ನನ್ನ ಹತ್ತಿರ ಇದ್ದದ್ದು ಮನೆಯದು. ಇನ್ನೊಬ್ಬರ ಮನೆ ಕೀಲಿಕೈಯನ್ನು ಆಟಕ್ಕೆ ಕೊಡಲು ಬರುತ್ತದೆಯೇ? ಸುಮ್ಮನೆ ಕೂತೆ.

ಗೋಡೆಯ ಗಡಿಯಾರದ ಅಂಕಿ ಕೆಂಪಾಗಿ ಮಿಣುಕತೊಡಗಿತು. ಮೊಮ್ಮಗಳು ಬಂದು ನನ್ನ ಮಡಿಲಲ್ಲಿ ಮುಖ ಇಟ್ಟಳು. "ನನಗೆ ಯಾವ ಆಟಾನೂ ಬರಲ್ಲ ಅಜ್ಜಿ. ನಮ್ಮ ಕ್ಲಾಸಿನೋರು ಹೇಳೋದೇ ಸರಿ."

ಆ ಮಾತು ಕೇಳಿ ನನಗೆ ತಡೆಯಲಾಗಲಿಲ್ಲ. "ಒಂದು ಕೀಲಿಕೈ ಐತೆ ಕಣೇ. ಆದ್ರೆ ನಮ್ದಲ್ಲ. ಒಂದ್ಸಲ ಹಾಕಿ ನೋಡಿ, ಅಲ್ಲೇ ಇಟ್ಬಿಡಣ," ಎಂದೆ.

ಮೂವರೂ ನನ್ನನ್ನು ನೋಡಿದರು. "ಎಲ್ಲಿತ್ತು?" ಎಂದಳು ಸೊಸೆ, ಮೆಲ್ಲಗೆ.

"ಕುಂಡದ ಕೆಳಗೆ. ಕೀಲಿಕೈ ಇನ್ನೆಲ್ಲಿರ್ತೈತೆ?"

ಗಂಟು ಬಿಚ್ಚಲು ಬರಲಿಲ್ಲ. ಉಟ್ಟಿದ್ದು ನನ್ನ ತಮ್ಮ ನೇಯ್ದ ರೇಷ್ಮೆ ಸೀರೆ. ಮಗ ಗಂಟಿಗೆ ಬಾಯಿ ಹಾಕಲು ಬಂದ. "ಹಲ್ಲು ಹಚ್ಚಬೇಡಲೇ, ಜರಿ ಕಿತ್ಬರ್ತೈತೆ."

"ಬಿಚ್ಚೋದು ಬೇಡ, ನೀನೇ ಬಾ," ಎಂದು ಮೊಮ್ಮಗಳು ಸೆರಗು ಹಿಡಿದು ನನ್ನನ್ನು ಎಳೆದುಕೊಂಡೇ ಬಾಗಿಲಿಗೆ ಓಡಿದಳು. ನಾನು ಬಗ್ಗಿ ನಿಂತೆ. ಗಂಟಿನ ಸಮೇತ ಕೀಲಿಕೈ ತಿರುಗಿತು. ಬಾಗಿಲು ತೆರೆಯಿತು, ಬಾಗಿಲ ಜೊತೆ ನಾನೂ ಆಚೆ ಹೋದೆ.

ಅವಳು ಗಂಟೆ ಬಾರಿಸಿದಳು ನೋಡಿ. ನಿಲ್ಲಿಸಲೇ ಇಲ್ಲ. ನನಗೆ ನಗು ಬಂತೋ ಅಳು ಬಂತೋ ತಿಳಿಯದೆ ಎರಡನ್ನೂ ಮಾಡಿದೆ. ಆ ಹೊತ್ತಿನ ಫೋಟೋದಲ್ಲಿ ಮೊಮ್ಮಗಳ ಕೈ ಗಂಟೆಯ ಮೇಲಿದೆ, ನನ್ನ ಸೆರಗು ಇನ್ನೂ ಬಾಗಿಲಿಗೆ ಸಿಕ್ಕಿಕೊಂಡಿದೆ. ಅವಳ ತರಗತಿಯವರೆಲ್ಲ ನೋಡಿದ್ದಾರೆ. ಈಗ ಮಗನ ಅಂಗಡಿಯಲ್ಲಿ ಬಣ್ಣದ ಡಬ್ಬಗಳ ಮೇಲೆ ತೂಗುಹಾಕಿದೆ. ಬಂದವರಿಗೆಲ್ಲ ನಾನೇ ಕರೆದು ತೋರಿಸುತ್ತೇನೆ.

ಗಂಟು ಬಿಚ್ಚಿದ ಮೇಲೆ ಕೀಲಿಕೈಯನ್ನು ಆ ಬಾಗಿಲ ಹುಡುಗಿಗೆ ಕೊಟ್ಟು, ಯಜಮಾನಿ ಬಂದರೆ ತಲುಪಿಸು ಎಂದು ಕೈಸನ್ನೆಯಲ್ಲೇ ಹೇಳಿದೆ. ಅವಳು ಎರಡೂ ಕೈಯಲ್ಲಿ ತೆಗೆದುಕೊಂಡು ತಲೆ ಬಾಗಿಸಿದಳು. ತಿಳಿಯಿತೋ ಇಲ್ಲವೋ. ಆ ಸ್ವೆಟರನ್ನು ಆಯಮ್ಮ ಬಂದು ಮುಗಿಸಿದಳೋ ಏನೋ, ಅದೂ ತಿಳಿಯಲಿಲ್ಲ.